ಸೂರು ಎಷ್ಟು ಚಾಚಬೇಕು

ತೀರ್ಥಹಳ್ಳಿಯ ಅಡಿಕೆ ಬೆಳೆಗಾರರೊಬ್ಬರು ಪಟ್ಟಣದ ಅಂಚಿನಲ್ಲಿ ಕೊಂಡ ನಿವೇಶನಕ್ಕೆ ಮನೆಯ ನಕ್ಷೆ ಮಾಡಿಸಲು ಕೆಲವು ವರ್ಷಗಳ ಹಿಂದೆ ಶಿವಮೊಗ್ಗದ ನನ್ನ ಆರ್ಕಿಟೆಕ್ಟ್ ಕಚೇರಿಗೆ ಬಂದಿದ್ದರು. ಕೋಣೆ ಎಷ್ಟು, ಅಡುಗೆಮನೆ ಯಾವ ಮೂಲೆಗೆ ಎಂಬ ಮಾತಿಗೂ ಮೊದಲು ಅವರು ಎತ್ತಿದ್ದು ಸೂರಿನ ವಿಚಾರ. "ಮೂರೂವರೆ ಅಡಿಯಾದರೂ ಸೂರು ಹೊರಗೆ ಬರಬೇಕು ಮಾರಾಯರೇ. ಎರಚಲು ಗೋಡೆಗೆ ಹೊಡೆದರೆ ಎರಡು ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ" ಎಂದರು. ಹಾಗೆಯೇ ಬರೆದುಕೊಟ್ಟೆ. ಮಂಜೂರಾತಿಗೆ ಕಳಿಸಿದ ಕಡತ ವಾಪಸು ಬಂತು. ಮನೆಯ ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್ ಜಾಗದ ಮೇಲೆ ಸೂರು ಮಿತಿ ಮೀರಿ ಚಾಚಿದೆ ಎಂಬ ಟಿಪ್ಪಣಿ ಅದರಲ್ಲಿತ್ತು.

ಟಿಪ್ಪಣಿ ಬರೆದ ಅಧಿಕಾರಿಯ ತಪ್ಪೇನೂ ಇರಲಿಲ್ಲ. ತೆರೆದ ಜಾಗದ ಮೇಲೆ ಸೂರಾಗಲಿ ಸಜ್ಜವಾಗಲಿ 0.75 ಮೀಟರಿಗಿಂತ ಹೆಚ್ಚು ಚಾಚಬಾರದು ಎಂಬುದು ರಾಷ್ಟ್ರೀಯ ಕಟ್ಟಡ ಸಂಹಿತೆಯ ಮಾತು. ಅಂದರೆ ಎರಡೂವರೆ ಅಡಿ. ಎರಡು ಮನೆಗಳ ನಡುವೆ ಗಾಳಿ ಬೆಳಕು ಆಡಬೇಕು, ಬೆಂಕಿ ಬಿದ್ದರೆ ಒಂದು ಮನೆಯಿಂದ ಇನ್ನೊಂದಕ್ಕೆ ದಾಟಬಾರದು, ನಮ್ಮ ಮಾಡಿನ ನೀರು ನೆರೆಯವರ ಅಂಗಳಕ್ಕೆ ಬೀಳಬಾರದು. ಇವೆಲ್ಲ ನ್ಯಾಯವಾದ ಕಾರಣಗಳೇ. ಆದರೆ ಅದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಶಿವಮೊಗ್ಗ ನಗರದಲ್ಲಿ ಅದರ ಕಾಲುಭಾಗವೂ ಬೀಳುವುದಿಲ್ಲ. ಒಂದೇ ಜಿಲ್ಲೆಯೊಳಗೆ ಆಕಾಶ ಇಷ್ಟು ಬೇರೆಯಾಗಿರುವಾಗ ಸೂರಿನ ಅಳತೆ ಮಾತ್ರ ಎಲ್ಲೆಡೆಗೂ ಒಂದೇ.

ಉಳಿದಿದ್ದ ದಾರಿ ಗೋಡೆಯನ್ನೇ ಒಳಗೆ ಸರಿಸುವುದು. ಮನೆಯ ಉದ್ದ 34 ಅಡಿ. ಎರಡೂ ಮಗ್ಗುಲಲ್ಲಿ ಒಂದೊಂದು ಅಡಿ ಸರಿಸಿದರೆ ಅಂತಸ್ತಿಗೆ 68 ಚದರ ಅಡಿ ಕೈಬಿಟ್ಟುಹೋಗುತ್ತದೆ, ಒಂದು ಉಗ್ರಾಣದಷ್ಟು ಜಾಗ. ಪೂರ್ವಕ್ಕೆ ಒಪ್ಪಿದರು. ಪಶ್ಚಿಮಕ್ಕೆ ಒಪ್ಪಲಿಲ್ಲ, ಅಡುಗೆಮನೆ ಕಿರಿದಾಗುತ್ತದೆ ಎಂದು ಮನೆಯವರು ಪಟ್ಟು ಹಿಡಿದರು. ಪಶ್ಚಿಮದ ಸೂರು ಎರಡೂವರೆ ಅಡಿಗೇ ನಿಂತಿತು.

ಮಲೆನಾಡಿನಲ್ಲಿ ಆರ್ಕಿಟೆಕ್ಟ್ ಕೆಲಸ ಎಂದರೆ ಏನು ಎಂದು ಕಿರಿಯರು ಕೇಳಿದಾಗ ನಾನು ಮೊದಲು ಹೇಳುವುದು ಈ ಸೂರಿನ ಕಥೆ. ನಿಯಮಗಳು ಬಯಲಿನಲ್ಲಿ ಹುಟ್ಟಿ ಘಟ್ಟಕ್ಕೆ ಬರುತ್ತವೆ. ಬಂದಮೇಲೆ ಬದಲಾಗುತ್ತಲೂ ಇರುತ್ತವೆ. ಬದಲಾದ ನಿಯಮಕ್ಕೂ ಬದಲಾಗದ ಮಳೆಗೂ ನಡುವೆ ನಿಂತು ಸಹಿ ಹಾಕುವವರು ನಾವು.

ಈ ನೆಲದಲ್ಲಿ ಕಾನೂನು ಮನೆಯ ಆಕಾರವನ್ನೇ ಬದಲಿಸಿದ್ದು ಹೊಸದಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದು 1951ರಲ್ಲಿ. 1974ರ ಭೂ ಸುಧಾರಣೆ ತಿದ್ದುಪಡಿಯಿಂದ ಗೇಣಿ ಭೂಮಿ ಉಳುವವರದಾಯಿತು. ಗೇಣಿಯ ಭತ್ತ ಬಂದು ಬೀಳುತ್ತಿದ್ದ ದೊಡ್ಡ ಕಣಜದ ಮನೆಗಳ ಕಾಲ ಅಲ್ಲಿಗೆ ಮುಗಿಯಿತು, ತಮ್ಮದೇ ನೆಲದ ಮೇಲೆ ತಮ್ಮದೇ ಹೆಂಚಿನ ಮನೆ ಕಟ್ಟಿಕೊಂಡ ಸಾವಿರಾರು ಕುಟುಂಬಗಳ ಕಾಲ ಶುರುವಾಯಿತು. ಹಳೆಯ ಮನೆಯೊಂದನ್ನು ಅಳೆಯಲು ಹೋದಾಗ ಗೋಡೆಯ ದಪ್ಪ, ಕಣಜದ ಗಾತ್ರ ನೋಡಿಯೇ ಅದು ಆ ತಿದ್ದುಪಡಿಗೆ ಹಿಂದಿನದೋ ಮುಂದಿನದೋ ಎಂದು ಊಹಿಸಬಹುದು.

ಇನ್ನೊಂದು ದೊಡ್ಡ ತಿರುವು 2020ರದು. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳಲು ಅಡ್ಡಿಯಾಗಿದ್ದ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಆ ವರ್ಷ ತೆಗೆದುಹಾಕಲಾಯಿತು. ಅದು ಸರಿಯೋ ತಪ್ಪೋ ಎಂಬ ವಾದ ಇನ್ನೂ ನಡೆದಿದೆ. ನನ್ನ ಕಚೇರಿಯ ಮಟ್ಟಿಗೆ ಹೇಳುವುದಾದರೆ, ಬಾಗಿಲು ತಟ್ಟುವವರು ಬದಲಾದರು. ಮೊದಲು ಬರುತ್ತಿದ್ದವರಿಗೆ ತಮ್ಮ ಜಮೀನಿನ ಪ್ರತಿ ಹಳ್ಳ, ಪ್ರತಿ ಧರೆ (ಗುಡ್ಡದ ಕಡಿದಾದ ಮಗ್ಗುಲು) ಗೊತ್ತಿತ್ತು. ಈಗ ಬರುವ ಅನೇಕರು ಬೆಂಗಳೂರಿನಲ್ಲಿದ್ದು, ಡಿಸೆಂಬರಿನಲ್ಲಿ ಒಮ್ಮೆ ನೋಡಿ ಎರಡು ಎಕರೆ ಕೊಂಡವರು. ನೋಟ ಚೆನ್ನಾಗಿ ಕಾಣುವ ಗುಡ್ಡದ ಅಂಚನ್ನು ಜೆಸಿಬಿಯಿಂದ ಸಮತಟ್ಟು ಮಾಡಿ ಅಲ್ಲೇ ಮನೆ ಬೇಕು ಎನ್ನುತ್ತಾರೆ. ಜುಲೈನಲ್ಲಿ ಒಮ್ಮೆ ಬಂದು ಆ ಧರೆಯಿಂದ ಎಲ್ಲೆಲ್ಲಿ ಒರತೆ ಒಡೆಯುತ್ತದೆ ನೋಡಿ ಎಂದು ಒತ್ತಾಯಿಸುತ್ತೇನೆ. 2018ರಲ್ಲಿ ಕೊಡಗಿನಲ್ಲಿ, 2024ರಲ್ಲಿ ಶಿರೂರಿನಲ್ಲಿ ಗುಡ್ಡ ಜಾರಿದ್ದನ್ನು ಕಂಡ ಮೇಲೂ ಧರೆ ಕಡಿದ ಜಾಗದಲ್ಲಿ ಕಣ್ಣುಮುಚ್ಚಿ ನಕ್ಷೆ ಬರೆಯಲು ನನಗೆ ಕೈ ಬರುವುದಿಲ್ಲ. ಮಳೆಗಾಲ ನೋಡಲು ಒಪ್ಪದವರ ಕೆಲಸವನ್ನು ಬಿಟ್ಟುಕೊಟ್ಟಿದ್ದೇನೆ.

ಹೀಗೆ ಬಂದವರು ಸಾಮಾನ್ಯವಾಗಿ ಕೇಳುವುದು 'ತೋಟದ ಮನೆ'. ಭೂ ಕಂದಾಯ ಕಾಯ್ದೆ 1964ರ 95ನೇ ಕಲಮಿನ ಪ್ರಕಾರ ಕೃಷಿ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಬೇಕಾದರೆ ಭೂ ಪರಿವರ್ತನೆ ಆಗಬೇಕು. ರೈತನ ಸ್ವಂತ ತೋಟದ ಮನೆಗೆ ಮಾತ್ರ ಅದರಲ್ಲೇ ವಿನಾಯಿತಿ ಇದೆ. ಷರತ್ತುಗಳು ಸ್ಪಷ್ಟ: ಹಿಡುವಳಿಯ ಶೇ 10ನ್ನು ಮೀರಬಾರದು, ಸ್ವಂತ ಬಳಕೆಗೇ ಇರಬೇಕು, ವಾಣಿಜ್ಯ ಉದ್ದೇಶಕ್ಕೆ ಬಾಡಿಗೆ ಕೊಡಬಾರದು. ಈ ಕೊನೆಯ ಷರತ್ತನ್ನು ಓದಿದವರು ಕಡಿಮೆ. ಗಂಡ ಹೆಂಡತಿ ಇಬ್ಬರಿಗೆ ತೋಟದ ಮನೆ ಎಂದು ಹೇಳಿ, ಆರು ಕೋಣೆ, ಪ್ರತಿ ಕೋಣೆಗೂ ಸ್ನಾನಗೃಹ, ಹೊರಗೆ ಹನ್ನೆರಡು ಕಾರು ನಿಲ್ಲುವ ಜಾಗ ಬೇಕು ಎಂದರೆ ಅದು ಹೋಂಸ್ಟೇ ಎಂದು ಯಾರಿಗಾದರೂ ಅರ್ಥವಾಗುತ್ತದೆ. ಹೋಂಸ್ಟೇ ನಡೆಸುವುದರಲ್ಲಿ ತಪ್ಪಿಲ್ಲ. ಹೊಸನಗರ, ಸಾಗರದ ಎಷ್ಟೋ ಕುಟುಂಬಗಳು ಅಡಿಕೆ ಕೈಕೊಟ್ಟ ವರ್ಷ ಅದರಿಂದಲೇ ಉಸಿರಾಡಿವೆ. ಆದರೆ ಒಂದು ಇಲಾಖೆ ಪ್ರವಾಸಿಗರನ್ನು ಕರೆಯಿರಿ ಎಂದು ಪ್ರೋತ್ಸಾಹಿಸುವಾಗ ಇನ್ನೊಂದು ಇಲಾಖೆಯ ಕಾಯ್ದೆ ಅದೇ ಕಟ್ಟಡವನ್ನು ಬಾಡಿಗೆಗೆ ಕೊಡಬೇಡಿ ಎನ್ನುತ್ತದೆ. ಈ ಎರಡರ ನಡುವಿನ ಬಿರುಕನ್ನು ನಕ್ಷೆಯಲ್ಲಿ 'ಅತಿಥಿ ಕೋಣೆ' ಎಂದು ಬರೆದು ಮುಚ್ಚಬಹುದು ಎಂದುಕೊಂಡರೆ, ನಾಳೆ ದೂರು ಬಂದ ದಿನ ಆ ನಕ್ಷೆಯೇ ಮಾಲೀಕರ ವಿರುದ್ಧದ ಸಾಕ್ಷಿಯಾಗುತ್ತದೆ. ಹಾಗಾಗಿ ನಾನು ಮೊದಲ ಭೇಟಿಯಲ್ಲೇ ನೇರವಾಗಿ ಕೇಳುತ್ತೇನೆ: ಬಾಡಿಗೆಗೆ ಕೊಡುತ್ತೀರಾ? ಕೊಡುವುದಾದರೆ ಅಷ್ಟು ಜಾಗಕ್ಕೆ ಮೊದಲು ಭೂ ಪರಿವರ್ತನೆ ಮಾಡಿಸಿ, ಆಮೇಲೆ ಬನ್ನಿ. ಆ ಕೆಲಸ ಈಗ ಮೊದಲಿನಷ್ಟು ತ್ರಾಸದ್ದಲ್ಲ, ಅಫಿಡವಿಟ್ ಆಧಾರದ ಮೇಲೆ ಅರ್ಜಿ ಕೊಡುವ ಕ್ರಮ ಬಂದಿದೆ. ಆದರೆ ಅಫಿಡವಿಟ್‌ನಲ್ಲಿ ಬರೆದ ಪ್ರತಿ ಸಾಲಿನ ಹೊಣೆಯೂ ಅರ್ಜಿದಾರರದೇ ಆಗುತ್ತದೆ ಎಂಬುದನ್ನು ಮರೆಯಬಾರದು.

2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆದುಕೊಂಡ ಮೇಲೆ ತುಮರಿ ಕಡೆಯ ಕೋರಿಕೆಗಳೂ ಬರುತ್ತಿವೆ. ದಶಕಗಳ ಕಾಲ ಲಾಂಚಿಗೆ ಕಾದು ನಿಂತ ಜನರಿಗೆ ಒಂದು ಅಂಗಡಿ, ನಾಲ್ಕು ಕೋಣೆಯ ವಸತಿ ಕಟ್ಟುವ ಆಸೆ ಹುಟ್ಟುವುದು ಸಹಜ. ಅಲ್ಲಿ ನನ್ನ ಪೆನ್ಸಿಲ್ ನಿಲ್ಲುವುದು ಕಾಗದದ ಮುಂದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣವಾಯಿತು, ಮುಳುಗಡೆಯಾದವರನ್ನು ಅಲ್ಲಲ್ಲಿ ಅರಣ್ಯದ ನೆಲದಲ್ಲಿ ಕೂರಿಸಲಾಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅರಣ್ಯದ ನೆಲವನ್ನು ಬೇರೆ ಬಳಕೆಗೆ ಬಿಡಲು ಕೇಂದ್ರದ ಒಪ್ಪಿಗೆ ಬೇಕು. ಆ ಒಪ್ಪಿಗೆ ಇಲ್ಲದೆ ರಾಜ್ಯ ಹೊರಡಿಸಿದ ಆದೇಶಗಳು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ನಾಡಿಗೆ ಬೆಳಕು ಕೊಟ್ಟು ಮುಳುಗಿದ ಊರಿನ ಮೂರನೇ ತಲೆಮಾರು ಇಂದು ಮನೆ ಸಾಲಕ್ಕೆ ಹೋದರೆ ಬ್ಯಾಂಕು ಕೇಳುವ ದಾಖಲೆ ಅವರ ಬಳಿ ಇರುವುದಿಲ್ಲ. ಅಂಥ ಒಬ್ಬ ತಾಯಿಗೆ ನಿಮ್ಮ ಮನೆಯ ನಕ್ಷೆಗೆ ನಾನು ಸಹಿ ಹಾಕಲಾರೆ ಎಂದು ಹೇಳಿದ ದಿನ ನನಗೆ ಊಟ ಸೇರಲಿಲ್ಲ. ಇದನ್ನು ಬಿಡಿಸಬೇಕಾದವರು ನಾವಲ್ಲ, ಆದರೆ ಬಿಡಿಸದೆ ಉಳಿದದ್ದರ ಭಾರ ಬಂದು ಬೀಳುವುದು ಆ ತಾಯಿಯ ಮೇಲೆ.

ಈ ಜಿಲ್ಲೆಯ ಪಹಣಿಗಳಲ್ಲಿ ಇನ್ನೂ ಎರಡು ಪದಗಳು ಕಣ್ಣಿಗೆ ಬಿದ್ದರೆ ಎಚ್ಚರವಾಗಬೇಕು: ಕಾನು, ಅಂದರೆ ದಟ್ಟ ಕಾಡಿನ ತುಂಡು, ಮತ್ತು ಸೊಪ್ಪಿನಬೆಟ್ಟ. ಹಳೇ ಮೈಸೂರು ಭಾಗದ ಈ ಜಮೀನುಗಳ ಮೇಲೆ ರೈತರಿಗಿರುವುದು ಭೂ ಕಂದಾಯ ಕಾಯ್ದೆಯ 79ನೇ ಕಲಮು ಗುರುತಿಸಿದ ಸವಲತ್ತು, ಒಡೆತನ ಅಲ್ಲ. ತಲೆತಲಾಂತರದಿಂದ ಸೊಪ್ಪು ತರಗು ತಂದ ಬೆಟ್ಟ ನಮ್ಮದೇ ಎಂಬ ನಂಬಿಕೆಯಲ್ಲಿ ಅದರಂಚಿಗೆ ಮನೆಯ ಪಾಯ ತೋಡಿದವರನ್ನು ನೋಡಿದ್ದೇನೆ. ಪರಿಭಾವಿತ ಅರಣ್ಯದ, ಅಂದರೆ ಅಧಿಸೂಚನೆ ಆಗದಿದ್ದರೂ ಅರಣ್ಯವೆಂದೇ ಪರಿಗಣಿಸುವ ನೆಲದ, ವ್ಯಾಪ್ತಿಯನ್ನು ರಾಜ್ಯ ಸರ್ಕಾರ 2022ರಲ್ಲಿ ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿಸಿದಾಗ ಇನ್ನು ಎಲ್ಲವೂ ಸಲೀಸು ಎಂದು ಊರೂರಿನಲ್ಲಿ ಮಾತಾಯಿತು. ಪಟ್ಟಿಯಿಂದ ಸರ್ವೆ ನಂಬರು ಹೊರಬಿದ್ದರೂ ಜಮೀನು ಕಟ್ಟುವವರ ಹೆಸರಿಗೆ ಬಂದಂತಾಗುವುದಿಲ್ಲ. ಪಹಣಿ, ಪೋಡಿಯಾದ (ಅಳೆದು ಬೇರ್ಪಡಿಸಿದ) ಜಮೀನಿನ ನಕ್ಷೆ, ಪಂಚಾಯಿತಿ ವ್ಯಾಪ್ತಿಯಾದರೆ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ. ಇಷ್ಟು ಮೇಜಿನ ಮೇಲೆ ಬಂದ ಮೇಲೆಯೇ ನಾನು ಅಳತೆಪಟ್ಟಿ ಕೈಗೆತ್ತಿಕೊಳ್ಳುವುದು. ಕೈಯಲ್ಲಿರುವುದು ಅನುಮೋದನೆಯಿಲ್ಲದ ಆಸ್ತಿಗೆ ಕೊಡುವ 11ಬಿ ಆದರೆ ಮೊದಲು ವಕೀಲರ ಬಳಿ ಹೋಗಿ ಎನ್ನುತ್ತೇನೆ.

ಇನ್ನು ನಗರದ ಮಾತು. ಕಟ್ಟಡ ಮಂಜೂರಾದ ನಕ್ಷೆಯಂತೆ ಮುಗಿದಿದೆ, ವಾಸಕ್ಕೆ ಬಳಸಬಹುದು ಎಂದು ಕೊಡುವ ಸ್ವಾಧೀನಾನುಭವ ಪತ್ರ, ಅಂದರೆ ಎಲ್ಲರ ಬಾಯಲ್ಲಿರುವ ಒ.ಸಿ., ಪುಸ್ತಕದಲ್ಲಿ ಬಹಳ ಹಿಂದಿನಿಂದ ಇದೆ. ನನ್ನ ವೃತ್ತಿಯ ಮೊದಲ ಹದಿನೈದು ವರ್ಷಗಳಲ್ಲಿ ಅದನ್ನು ಕೇಳಿಕೊಂಡು ಬಂದ ಮನೆಯವರನ್ನು ಬೆರಳಿನಲ್ಲಿ ಎಣಿಸಬಹುದು. ಗೃಹಪ್ರವೇಶವಾಯಿತು, ಕರೆಂಟು ನೀರು ಬಂತು, ಅಲ್ಲಿಗೆ ಮುಗಿಯಿತು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪು ಈ ರೂಢಿಯ ಬುಡಕ್ಕೇ ಬಂತು. ಒ.ಸಿ. ನೋಡದೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು, ಬ್ಯಾಂಕುಗಳೂ ಅದನ್ನು ಪರಿಶೀಲಿಸಬೇಕು ಎಂದು ನ್ಯಾಯಾಲಯ ಹೇಳಿತು. 2025ರಲ್ಲಿ ರಾಜ್ಯದ ವಿದ್ಯುತ್ ಕಂಪನಿಗಳು ಅದನ್ನು ಜಾರಿಗೆ ತಂದವು. ಶಿವಮೊಗ್ಗ ನಮ್ಮ ಮೆಸ್ಕಾಂ ವ್ಯಾಪ್ತಿಯಲ್ಲಿದೆ, ಬಿಸಿ ಇಲ್ಲಿಗೂ ತಟ್ಟಿತು.

ಆ ಬೇಸಿಗೆಯಲ್ಲಿ ನನ್ನ ಬಳಿ ಬಂದ ನಿವೃತ್ತ ಶಿಕ್ಷಕ ದಂಪತಿಯ ಮುಖ ಇನ್ನೂ ಕಣ್ಣ ಮುಂದಿದೆ. ಮನೆ ಮುಗಿದಿತ್ತು, ಬಣ್ಣವೂ ಆಗಿತ್ತು, ಆಮಂತ್ರಣ ಪತ್ರಿಕೆ ಅಚ್ಚಾಗಿತ್ತು. ನಕ್ಷೆ ಬೇರೊಬ್ಬರು ಮಾಡಿದ್ದು, ಮಂಜೂರಾಗಿದ್ದು ಸರಿಯಾಗಿಯೇ ಇತ್ತು. ಕಟ್ಟುವಾಗ ಮೇಸ್ತ್ರಿಯ ಮಾತು ಕೇಳಿ ಮೇಲಂತಸ್ತನ್ನು ಎರಡು ಕಡೆ ಮೂರು ಮೂರು ಅಡಿ ಸೆಟ್‌ಬ್ಯಾಕಿನ ಮೇಲೆ ಹಿಗ್ಗಿಸಿದ್ದರು. "ಎಲ್ಲರೂ ಹಾಗೆಯೇ ಕಟ್ಟಿದ್ದಾರಲ್ಲ ಸಾರ್" ಎಂದರು. ಹೌದು, ಆ ಬೀದಿಯ ಎಲ್ಲ ಮನೆಗಳೂ ಹಾಗೆಯೇ ಇದ್ದವು. ಆದರೆ ಅವು ತೀರ್ಪಿಗೆ ಮುಂಚಿನವು. ಕಟ್ಟಡ ಕಾಮಗಾರಿಗೆ ಕೊಟ್ಟ ತಾತ್ಕಾಲಿಕ ಸಂಪರ್ಕದ ದುಬಾರಿ ದರದಲ್ಲೇ ಅವರು ತಿಂಗಳುಗಟ್ಟಲೆ ದೀಪ ಹಚ್ಚಿದರು. ಆಮೇಲೆ 1,200 ಚದರ ಅಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ ಒ.ಸಿ.ಯಿಂದ ವಿನಾಯಿತಿ ಕೊಡುವ ಮಾತು ಬೆಂಗಳೂರಿನಿಂದ ಆರಂಭವಾಯಿತು. ದಂಪತಿಯ ನಿವೇಶನ ಅದಕ್ಕಿಂತ ದೊಡ್ಡದು.

ಒ.ಸಿ. ಬೇಕೇ ಬೇಕು ಎಂಬುದರ ಬಗ್ಗೆ ನನಗೆ ಎರಡು ಮಾತಿಲ್ಲ. ಮಂಜೂರಾದ ನಕ್ಷೆಗೂ ನಿಂತ ಕಟ್ಟಡಕ್ಕೂ ಸಂಬಂಧವೇ ಇಲ್ಲದಿದ್ದರೆ ನಮ್ಮ ವೃತ್ತಿಗೆ ಅರ್ಥವಿಲ್ಲ. ನನ್ನ ಜಗಳ ಇರುವುದು ಬದಲಾವಣೆ ಜಾರಿಯಾಗುವ ರೀತಿಯ ಜೊತೆ. ಒಂದು ನಿಯಮವನ್ನು ಹದಿನೈದು ವರ್ಷ ಯಾರೂ ಕೇಳದೆ ಬಿಟ್ಟು, ಹದಿನಾರನೇ ವರ್ಷದ ಒಂದು ಬೆಳಿಗ್ಗೆ ಕೇಳಿದರೆ ಅದರ ಪೆಟ್ಟು ಬೀಳುವುದು ಆ ಬೆಳಿಗ್ಗೆ ಮನೆ ಮುಗಿಸಿದವರಿಗೆ. ಕಾಮಗಾರಿ ನಡೆಯುತ್ತಿರುವ ಮನೆಗಳಿಗೆ ಇಂತಿಷ್ಟು ತಿಂಗಳ ಅವಕಾಶ, ಪಾಯದ ಹಂತದಲ್ಲೇ ಒಂದು ಪರಿಶೀಲನೆ, ತಪ್ಪಿದ್ದರೆ ಅಲ್ಲೇ ತಿದ್ದುವ ಸೂಚನೆ. ಇಷ್ಟಿದ್ದಿದ್ದರೆ ಆ ಶಿಕ್ಷಕರು ಮೂರು ಅಡಿ ಹಿಗ್ಗಿಸುತ್ತಲೇ ಇರಲಿಲ್ಲ.

ಇದಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಸಕ್ರಮದ ಆಸೆ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಗೆ 76ಎಫ್‌ಎಫ್ ಕಲಮು ಸೇರಿದ್ದು 2007ರಲ್ಲಿ. ವಾಸದ ಕಟ್ಟಡಗಳಲ್ಲಿ ಶೇ 50ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ನಿಯಮಗಳು ಮುಂದೆ ಬಂದವು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಆದರೆ ಈ ಹತ್ತು ವರ್ಷಗಳಲ್ಲಿ ಜನರ ಮನಸ್ಸಿನಲ್ಲಿ ಒಂದು ಲೆಕ್ಕ ಕೂತುಬಿಟ್ಟಿತು: ಮೊದಲು ಕಟ್ಟೋಣ, ಆಮೇಲೆ ಸಕ್ರಮವಾಗುತ್ತದೆ. ಈಗಲೂ ವಾರಕ್ಕೊಬ್ಬರಾದರೂ ಈ ಮಾತು ಆಡುತ್ತಾರೆ. ಅನಧಿಕೃತ ಆಸ್ತಿಗಳಿಗೆ ಬಿ ಖಾತೆ ಕೊಡುವ ಸುದ್ದಿ ಬಂದಾಗಲೂ ಅದನ್ನು ಕಟ್ಟಡಕ್ಕೆ ಸಿಕ್ಕ ಒಪ್ಪಿಗೆ ಎಂದೇ ಹಲವರು ತಿಳಿದರು. ಖಾತೆ ತೆರಿಗೆಯ ದಾಖಲೆ, ಉಲ್ಲಂಘನೆಯನ್ನು ಅದು ತೊಳೆಯುವುದಿಲ್ಲ. ಬರಲಿರುವ ಕಾನೂನಿನ ಮೇಲೆ ನಾನು ಒಂದು ಗೆರೆಯನ್ನೂ ಎಳೆಯುವುದಿಲ್ಲ. ಮಂಜೂರಾತಿಯ ದಿನ ಜಾರಿಯಲ್ಲಿರುವ ನಿಯಮವೇ ನನ್ನ ಪಾಯ. ಆ ದಿನಾಂಕವನ್ನು ಮನೆ ಕಟ್ಟಿಸುವವರೊಂದಿಗಿನ ಒಪ್ಪಂದದಲ್ಲೇ ಬರೆಯುತ್ತೇನೆ. ನಡುವೆ ನಿಯಮ ಬದಲಾಗಿ ನಕ್ಷೆ ಮತ್ತೆ ಮಾಡಬೇಕಾದರೆ ಅದರ ಶುಲ್ಕ ಯಾರು ಕೊಡಬೇಕು ಎಂಬುದನ್ನೂ ಬರೆಯುತ್ತೇನೆ. ಹಣದ ಮಾತನ್ನು ಸಂಕೋಚದಿಂದ ಬಿಟ್ಟು ಆಮೇಲೆ ಹಳೆಯ ಸ್ನೇಹ ಕಳೆದುಕೊಂಡ ಸಹೋದ್ಯೋಗಿಗಳನ್ನು ನೋಡಿದ್ದೇನೆ.

ಆನ್‌ಲೈನ್ ಅನುಮೋದನೆ ಬಂದದ್ದರಿಂದ ಕಚೇರಿಗೆ ಅಲೆಯುವುದು ತಪ್ಪಿದೆ, ಅದು ನಿಜವಾದ ಉಪಕಾರ. ಆದರೆ ತಂತ್ರಾಂಶ ನಕ್ಷೆಯನ್ನು ಪದರ ಪದರವಾಗಿ ಓದುತ್ತದೆ. ಪ್ರತಿ ಗೆರೆಗೂ ಅದರ ಪಟ್ಟಿಯಲ್ಲಿ ಒಂದು ಹೆಸರಿರಬೇಕು. ಜಗಲಿ ಅದಕ್ಕೆ ಕೋಣೆಯೂ ಅಲ್ಲ, ಬಾಲ್ಕನಿಯೂ ಅಲ್ಲ. ಅಡಿಕೆ ಒಣಗಿಸುವ ಅಂಗಳಕ್ಕೆ ಮಳೆಗಾಲದಲ್ಲಿ ಹಾಕುವ ಮಾಡು ಕಟ್ಟಡವೋ ಚಪ್ಪರವೋ ಎಂದು ಅದಕ್ಕೆ ತಿಳಿಯುವುದಿಲ್ಲ. ಇಳಿಜಾರು ಮಾಡಿನ ಮನೆಯ ಎತ್ತರವನ್ನು ಹೊರಗೋಡೆ ಮಾಡನ್ನು ಸೇರುವ ಜಾಗದವರೆಗೆ ಅಳೆಯಬೇಕು, ರಸ್ತೆಗೆ ಮುಖ ಮಾಡಿದ ತ್ರಿಕೋನ ಗೋಡೆಯಿದ್ದರೆ ಸೂರು ಮತ್ತು ಮಾಡಿನ ಮುಡಿಯ ನಡುಮಧ್ಯದವರೆಗೆ ಅಳೆಯಬೇಕು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಮಾಡಿನ ತುದಿಯವರೆಗೂ ಅಳೆದು ಎತ್ತರ ಹೆಚ್ಚಾಯಿತು ಎಂದ ಕಡತಗಳಿಗೆ ಆ ಭಾಗವನ್ನು ನಕಲು ಮಾಡಿ ಲಗತ್ತಿಸಿ ಅನುಮೋದನೆ ಪಡೆದಿದ್ದೇನೆ. ಕಿರಿಯ ಆರ್ಕಿಟೆಕ್ಟರು ಆ ವ್ಯಾಖ್ಯೆಯನ್ನು ಕಂಠಪಾಠ ಮಾಡಿಕೊಳ್ಳಬೇಕು. ಇಳಿಜಾರು ಮಾಡಿಗೆ ಹೆದರಿ ಸಪಾಟು ತಾರಸಿ ಹಾಕಿ, ಅದು ಸೋರಿದ ಮೇಲೆ ಮೇಲೊಂದು ತಗಡಿನ ಶೀಟು ಹೊದೆಸುವ ಮನೆಗಳು ಮಲೆನಾಡಿನ ಪ್ರತಿ ಪೇಟೆಯಲ್ಲೂ ಕಾಣುತ್ತವೆ. ಎರಡು ಸಲ ಮಾಡು ಕಟ್ಟಿಸುವ ಖರ್ಚು ಅದು.

ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಬಂದ ಮೇಲೆ ಬಹುಮಹಡಿ ಯೋಜನೆಗಳಲ್ಲಿ ನಮ್ಮ ಸಹಿಯ ತೂಕ ಹೆಚ್ಚಿದೆ. ಗ್ರಾಹಕರ ಹಣದ ಶೇ 70 ಇರುವ ಖಾತೆಯಿಂದ ಬಿಲ್ಡರು ಹಣ ತೆಗೆಯಬೇಕಾದರೆ ಎಂಜಿನಿಯರ್, ಲೆಕ್ಕಪರಿಶೋಧಕರ ಜೊತೆ ಆರ್ಕಿಟೆಕ್ಟ್ ಕೂಡ ಕೆಲಸ ಇಷ್ಟಾಗಿದೆ ಎಂದು ಪ್ರಮಾಣೀಕರಿಸಬೇಕು. ಜಾಗಕ್ಕೆ ಹೋಗಿ ನೋಡದೆ ಆ ಕಾಗದಕ್ಕೆ ಸಹಿ ಹಾಕಬೇಡಿ. ಇದರ ಪಕ್ಕದಲ್ಲೇ ಇನ್ನೊಂದು ವಿಷಯ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ರಕ್ಷಿಸುವುದು ಆರ್ಕಿಟೆಕ್ಟ್ ಎಂಬ ಹೆಸರನ್ನು ಮಾತ್ರ, ಆ ಕೆಲಸವನ್ನು ಇತರರು ಮಾಡುವುದಕ್ಕೆ ಅದು ತಡೆಯಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಹೆಸರು ನಮ್ಮದು, ಕೆಲಸ ಎಲ್ಲರದು. ಹಾಗಿರುವಾಗ ನಮ್ಮನ್ನು ಹುಡುಕಿಕೊಂಡು ಬರುವವರು ನಿಯಮವನ್ನು ಸರಿಯಾಗಿ ಓದಿ ಹೇಳುತ್ತೇವೆ ಎಂಬ ನಂಬಿಕೆಯಿಂದಲೇ ಬರಬೇಕು.

ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸಿದ ಕಸ್ತೂರಿರಂಗನ್ ವರದಿಯ ಹೆಸರು ಕೇಳಿದರೆ ಹೊಸನಗರ, ತೀರ್ಥಹಳ್ಳಿ ಕಡೆ ಮನೆ ಕಟ್ಟಿಸುವವರು ಗಾಬರಿಯಾಗುತ್ತಾರೆ. 2024ರ ಜುಲೈ 31ರಂದು ಕೇಂದ್ರ ಹೊರಡಿಸಿದ್ದು ಅದನ್ನು ಜಾರಿಗೆ ತರುವ ಅಧಿಸೂಚನೆಯ ಆರನೇ ಕರಡು. ಅದನ್ನು ರಾಜ್ಯ ಸಚಿವ ಸಂಪುಟ ಅದೇ ಸೆಪ್ಟೆಂಬರಿನಲ್ಲಿ ತಿರಸ್ಕರಿಸಿತು. ಕರಡು ನಿಷೇಧಿಸುವುದು 20,000 ಚದರ ಮೀಟರ್ ಮತ್ತು ಅದಕ್ಕೂ ಮೇಲಿನ ಕಟ್ಟಡಗಳನ್ನು, ದೊಡ್ಡ ಟೌನ್‌ಶಿಪ್‌ಗಳನ್ನು. ಇರುವ ಮನೆಯ ದುರಸ್ತಿ, ವಿಸ್ತರಣೆಗೆ ಅಡ್ಡಿಯಿಲ್ಲ ಎಂದು ಅದರಲ್ಲೇ ಬರೆದಿದೆ. ಅದು ಜಾರಿಯಾದರೆ ಸಾಮಾನ್ಯ ಮನೆಗೆ ಬಿಸಿ ತಟ್ಟುವುದು ನಕ್ಷೆಯ ದಾರಿಯಿಂದ ಅಲ್ಲ, ಸಾಮಗ್ರಿಯ ದಾರಿಯಿಂದ. ಕಲ್ಲುಗಣಿ, ಮರಳುಗಾರಿಕೆ ಎರಡನ್ನೂ ಕರಡು ನಿಷೇಧಿಸುತ್ತದೆ. ಈಗಲೇ ಹೊಳೆಯ ಮರಳು, ಜಂಬಿಟ್ಟಿಗೆ ಕಲ್ಲು ಯಾವ ತಿಂಗಳು ಸಿಗುತ್ತದೆ, ಯಾವ ತಿಂಗಳು ಪರವಾನಗಿ ನಿಲ್ಲುತ್ತದೆ ಎಂದು ನೋಡಿಕೊಂಡೇ ನಾನು ಕಾಮಗಾರಿಯ ವೇಳಾಪಟ್ಟಿ ಹಾಕುತ್ತೇನೆ. ಮರದ ವಿಷಯವೂ ಹಾಗೆಯೇ. ತೋಟದಲ್ಲಿ ನೆಟ್ಟ ಸಿಲ್ವರ್ ಓಕ್ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ, ಹಿತ್ತಿಲಿನ ಬೀಟೆಗೆ ಇಲ್ಲ. ಮಾಡಿನ ಪಕಾಸಿಗೆ ಯಾವ ಮರ ಎಂಬುದನ್ನು ಮೊದಲೇ ತೀರ್ಮಾನಿಸದಿದ್ದರೆ ಗೋಡೆ ಎದ್ದ ಮನೆ ಮಾಡಿಲ್ಲದೆ ಮಳೆಗೆ ಸಿಕ್ಕುತ್ತದೆ.

ಸೂರಿಗೆ ಮರಳುತ್ತೇನೆ. ಪುರಸಭೆಗಳಿಗೆ ಸರ್ಕಾರ ಕಳುಹಿಸುವುದು 'ಮಾದರಿ' ಕಟ್ಟಡ ಉಪವಿಧಿ. ಸ್ಥಳೀಯ ಸಂಸ್ಥೆ ಅದನ್ನು ತನ್ನ ಊರಿಗೆ ಹೊಂದಿಸಿಕೊಂಡು ಅಂಗೀಕರಿಸಲು, ಸರ್ಕಾರದ ಒಪ್ಪಿಗೆ ಪಡೆಯಲು ಕಾನೂನಿನಲ್ಲೇ ದಾರಿಯಿದೆ. ಹೆಚ್ಚು ಮಳೆ ಬೀಳುವ ತಾಲ್ಲೂಕುಗಳಲ್ಲಿ, ಸೂರಿಗೆ ದೋಣಿ ಕಟ್ಟಿ ನೀರನ್ನು ತಮ್ಮದೇ ನಿವೇಶನದೊಳಗೆ ಇಳಿಸಿಕೊಳ್ಳುವ ಷರತ್ತಿನ ಮೇಲೆ, ಒಂದು ಮೀಟರಿನವರೆಗೆ ಚಾಚಲು ಅನುಮತಿ ಕೊಡಿ ಎಂಬ ಒಂದು ಪುಟದ ಮನವಿಯನ್ನು ನಾವು ಕೆಲವರು ಸಿದ್ಧಪಡಿಸಿದ್ದೇವೆ. ಜಗಲಿಗೆ ಒಂದು ವ್ಯಾಖ್ಯೆ ಕೂಡ ಅದರಲ್ಲಿದೆ.

ತೀರ್ಥಹಳ್ಳಿಯ ಆ ಮನೆಗೆ ಕಳೆದ ಕಾರ್ತಿಕದಲ್ಲಿ ಹೋಗಿದ್ದೆ. ಪೂರ್ವದ ಗೋಡೆ ಸುಣ್ಣ ಹೊಡೆದ ದಿನದಂತೆಯೇ ಇತ್ತು. ಪಶ್ಚಿಮದ್ದು ಪಾಯದಿಂದ ಕಿಟಕಿಯ ಮಟ್ಟದವರೆಗೆ ಹಸಿರಾಗಿತ್ತು, ಅಡುಗೆಮನೆಯ ಒಳಗೋಡೆಯಲ್ಲೂ ತೇವ ಮೂಡಿತ್ತು. ಯಜಮಾನರು ಏನೂ ಹೇಳಲಿಲ್ಲ, ಕಾಫಿ ಕೊಟ್ಟರು. ಎರಡೂ ಗೋಡೆಗಳ ಚಿತ್ರ ತೆಗೆದುಕೊಂಡು ಬಂದು ಮನವಿಗೆ ಲಗತ್ತಿಸಿದ್ದೇನೆ.